ಯಲ್ದೂರಿನ ಸಾಗನಂಪು

ಕೋಲಾರದ ಮೊದಲ ಉಪನ್ಯಾಸಕ್ಕೆ ಬಂದವರಲ್ಲಿ ಅರ್ಧಕ್ಕರ್ಧ ಜನ ನಮ್ಮವರೇ. ನಮ್ಮ ಡ್ರೈವರ್, ಮೈಕಿನವನು, ಗ್ರಂಥಾಲಯದ ಸಹಾಯಕರು. ಉಳಿದವರಲ್ಲಿ ಪ್ರಾಂಶುಪಾಲರ ಮಾತಿಗೆ ಕಟ್ಟುಬಿದ್ದು ಕೂತಿದ್ದ ಒಂದು ತರಗತಿ, ಮುಂದಿನ ಸಾಲಿನಲ್ಲಿ ನಾಲ್ಕಾರು ನಿವೃತ್ತ ಮೇಷ್ಟ್ರುಗಳು. ನಾನು ಪರದೆಯ ಮೇಲೆ ಹಳೆಯ ಕಾಗದಗಳ ಚಿತ್ರ ತೋರಿಸುತ್ತಾ ಗಂಟೆಗಟ್ಟಲೆ ಮಾತಾಡಿದೆ. ಮೇಷ್ಟ್ರುಗಳಲ್ಲಿ ಒಬ್ಬರು ಸುಖವಾಗಿ ನಿದ್ದೆ ಹೋದರು. ಕೊನೆಯಲ್ಲಿ ವಂದನಾರ್ಪಣೆಯ ಚಪ್ಪಾಳೆಗೆ ಎದ್ದು ಎಲ್ಲರಿಗಿಂತ ಜೋರಾಗಿ ತಟ್ಟಿದವರೂ ಅವರೇ.

ನಮ್ಮ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ವಿಶೇಷ ಸಂಗ್ರಹ ಎನ್ನುವ ವಿಭಾಗವೊಂದಿದೆ. ತಾಳೆಗರಿ, ಹಳೆಯ ಪತ್ರಗಳು, ಫೋಟೊಗಳು, ಧ್ವನಿಸುರುಳಿಗಳು ಎಲ್ಲ ಅಲ್ಲಿವೆ, ಅದರ ಉಸ್ತುವಾರಿ ನನ್ನದು. ಇವನ್ನೆಲ್ಲ ಬೀರುವಿನಲ್ಲಿಟ್ಟು ಬೀಗ ಜಡಿದು ಕಾಯುವುದರಿಂದ ಯಾರಿಗೇನು ಬಂತು, ಎಲ್ಲಿಂದ ತಂದೆವೋ ಆ ಊರುಗಳಿಗೇ ಹೋಗಿ ಜನರ ಮುಂದೆ ಮಾತಾಡಿ ಎಂದು ಮೇಲಿನವರು ತೀರ್ಮಾನಿಸಿದರು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಹೀಗೆ ನಾಲ್ಕು ಕಡೆ ಉಪನ್ಯಾಸ. ನಾನು ಕ್ಯಾಲನೂರಿನವಳು, ಆ ಕಡೆಯ ಕನ್ನಡವೂ ತೆಲುಗೂ ಬಾಯಲ್ಲಿ ಆಡುತ್ತವೆ ಎಂಬ ಕಾರಣಕ್ಕೆ ಮಾತಾಡುವ ಕೆಲಸ ನನ್ನ ತಲೆಗೇ ಬಂತು.

ಕೋಲಾರದಿಂದ ವಾಪಸು ಬರುವಾಗ ಡ್ರೈವರ್ ಹೇಳಿದ, "ಮೇಡಂ, ಕಾಗದ ತೋರ್ಸುದ್ರೆ ಯಾರ್ ನೋಡ್ತಾರೆ? ಆ ಹಾಡು ಗೀಡು ಐತಲ್ಲ, ಅದ್ನ ಹಾಕಿ." ನನಗೂ ಹಾಗೇ ಅನ್ನಿಸಿತ್ತು, ಆದರೆ ಅವನು ಹೇಳಿದನೆಂದು ಸ್ವಲ್ಪ ಸಿಟ್ಟು ಬಂತು.

ಹಾಡುಗಳ ಸಂಗತಿ ಹೀಗೆ. ಬಹಳ ವರ್ಷಗಳ ಹಿಂದೆ ನಮ್ಮ ವಿಶ್ವವಿದ್ಯಾಲಯದ ಸಂಶೋಧಕರೊಬ್ಬರು ಈ ತಾಲ್ಲೂಕುಗಳಲ್ಲಿ ಸುತ್ತಿ ಹೆಂಗಸರಿಂದ ಹಾಡು ಹೇಳಿಸಿ ಸುರುಳಿ ಟೇಪಿನಲ್ಲಿ ತುಂಬಿಕೊಂಡು ಬಂದಿದ್ದರು. ಅವರು ಈಗಿಲ್ಲ. ಟೇಪುಗಳು ಡಬ್ಬಿಗಳಲ್ಲಿ ಮಲಗಿದ್ದವು. ಕೆಲವು ಅಂಟಿಕೊಂಡಿದ್ದವು, ಕೆಲವು ಮುಟ್ಟಿದರೆ ಪುಡಿ ಉದುರಿಸುತ್ತಿದ್ದವು. ಅವನ್ನು ಹುಷಾರಾಗಿ ಬಿಡಿಸಿ, ಟೇಪು ಉಜ್ಜಿಕೊಂಡು ಹೋಗುವ ಯಂತ್ರದ ತಲೆಯನ್ನು ಸ್ಪಿರಿಟ್ಟಿನಿಂದ ಪ್ರತಿ ಸಲ ಒರೆಸಿ, ಒಂದೊಂದನ್ನೇ ಓಡಿಸಿ ಕಂಪ್ಯೂಟರಿಗೆ ಇಳಿಸಿದ್ದೆವು. ವೇಗ ಒಂದಿಷ್ಟು ಹೆಚ್ಚಾದರೂ ಅಜ್ಜಿ ಹುಡುಗಿಯಾಗುತ್ತಾಳೆ, ಕಡಿಮೆಯಾದರೆ ಗಂಡಸಾಗುತ್ತಾಳೆ. ವೇಗ ಸರಿಯಾಯಿತೆಂದರೆ ಮುಂದಿನದಕ್ಕೆ ಹೋಗುತ್ತಿದ್ದೆವು, ಪೂರ್ತಿ ಕೂತು ಕೇಳಲು ಯಾರಿಗೂ ಪುರುಸೊತ್ತಿರಲಿಲ್ಲ. ಆಮೇಲೆ ಹೊರಗಿನ ಸಂಸ್ಥೆಯೊಂದಕ್ಕೆ ಕೊಟ್ಟು ಸದ್ದುಗದ್ದಲ ತೆಗೆಸಿದೆವು. ಅವರು ಕೋಳಿ ಕೂಗಿದ್ದು, ಮಗು ಅತ್ತಿದ್ದು, ನಡುವಿನ ಮಾತುಕತೆ ಎಲ್ಲ ಕತ್ತರಿಸಿ ಹಾಡನ್ನಷ್ಟೇ ಚೊಕ್ಕಟವಾಗಿ ಕೊಟ್ಟಿದ್ದರು. ಉಪನ್ಯಾಸಕ್ಕೆ ಅದೇ ಅನುಕೂಲ ಎಂದು ನಾನೂ ಅವನ್ನೇ ಇಟ್ಟುಕೊಂಡೆ.

ಮಾಲೂರಿನಲ್ಲಿ ಚಿತ್ರಗಳನ್ನು ಕಡಿಮೆ ಮಾಡಿ ರಾಗಿ ಬೀಸುವ ಹಾಡೊಂದನ್ನು ಕೇಳಿಸಿದೆ. ಕುರ್ಚಿಗಳು ಕಿರುಗುಟ್ಟುವುದು ನಿಂತಿತು. ಹಿಂದಿನ ಸಾಲಿನಲ್ಲಿ ಯಾರೋ ಸಣ್ಣಗೆ ದನಿಗೂಡಿಸಿದರು. ಈ ಕೆಲಸ ಹೇಗೆ ಮಾಡಬೇಕೆಂದು ನನಗೆ ಆವತ್ತು ತಿಳಿಯಿತು.

ಮುಳಬಾಗಿಲಿಗೆ ಹೊರಡುವಾಗ ಮದುವೆಯ ಹಾಡುಗಳನ್ನು ಆರಿಸಿಕೊಂಡೆ. ಅದರಲ್ಲಿ ಯಲ್ದೂರಿನ ಹೆಣ್ಣುಮಗಳೊಬ್ಬರು ಹೇಳಿದ ಒಂದಿತ್ತು. ಡಬ್ಬಿಯ ಮೇಲೆ ಸಂಶೋಧಕರ ಕೈಬರಹದಲ್ಲಿ 'ಸಾಗನಂಪು, ಮದುವೆ' ಎಂದಿತ್ತು. ಸಾಗನಂಪು ಎಂದರೆ ಕಳಿಸಿಕೊಡುವುದು. ತೆಲುಗಿನ ಮಾತು, ನಮ್ಮ ಕಡೆ ಕನ್ನಡದಲ್ಲೂ ಓಡಾಡುತ್ತದೆ. ನೆಂಟರನ್ನು ಊರ ಬಾಗಿಲವರೆಗೆ ಸಾಗನಂಪುತ್ತಾರೆ, ಮಗಳನ್ನು ಗಂಡನ ಮನೆಗೆ ಸಾಗನಂಪುತ್ತಾರೆ. ಹೆಣವನ್ನೂ ಸಾಗನಂಪುತ್ತಾರೆ ಎನ್ನುವುದು ನನಗೆ ಗೊತ್ತಿಲ್ಲದ್ದಲ್ಲ, ಆದರೆ ಆಗ ಅದು ನೆನಪಿಗೆ ಬರಲಿಲ್ಲ. ಹಾಡು ಅಷ್ಟು ಚೆನ್ನಾಗಿತ್ತು.

ಹೊಸಲು ದಾಟವ್ವ, ತಿರುಗಿ ನೋಡಬ್ಯಾಡ,
ಹೊತ್ತು ಮುಳುಗೋ ಮುನ್ನ ಮನೆ ಸೇರು ರತ್ನ.
ಅಮ್ಮ ಏಡುಸ್ತಾದನಿ ಆಗಿಪೋಕು ರತ್ನ.

ಅಮ್ಮ ಅಳುತ್ತಾಳೆಂದು ನಿಂತುಬಿಡಬೇಡ ಎನ್ನುವಾಗ ಅದು ತಾನಾಗಿ ತೆಲುಗಿಗೆ ಹೊರಳಿತ್ತು. ಮುಳಬಾಗಿಲಿನ ಶಾಲೆಯ ಹಜಾರದಲ್ಲಿ ಅದನ್ನು ಕೇಳಿಸಿದಾಗ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನಡುವೆ ಕರೆಂಟು ಹೋಗಿ ಸ್ಪೀಕರು ಸುಮ್ಮನಾಯಿತು. ಯಾರೂ ಏಳಲಿಲ್ಲ. ಕರೆಂಟು ಬಂದ ಮೇಲೆ ಮೊದಲಿನಿಂದ ಹಾಕಿ ಎಂದರು.

ಉಪನ್ಯಾಸ ಮುಗಿದ ಮೇಲೆ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಮಗಳ ಕೈ ಹಿಡಿದುಕೊಂಡು ನನ್ನ ಹತ್ತಿರ ಬಂದರು.

"ಮೇಡಂ, ಅದು ನಮ್ಮಮ್ಮನ ದನಿ."

ಕರಪತ್ರದಲ್ಲಿ ತಾಯಿಯ ಹೆಸರೂ ಊರೂ ನೋಡಿ ಯಲ್ದೂರಿನಿಂದ ಬಂದಿದ್ದರು. ತಾಯಿ ಹೋಗಿ ಬಹಳ ಕಾಲವಾಗಿತ್ತು, ಮನೆಯಲ್ಲಿ ಒಂದು ಫೋಟೊ ಕೂಡ ಇರಲಿಲ್ಲ. "ರತ್ನ ರತ್ನ ಅಂತ ಕರೀತಾಳಲ್ಲ, ಅದು ನಾನೇ. ನಾನೇ ರತ್ನಮ್ಮ. ನನ್ ಮದ್ವೆ ಹೊತ್ಗೆ ನಮ್ಮಮ್ಮ ಇರ್ಲಿಲ್ಲ. ನನ್ನ ಸಾಗನಂಪೋಕೆ ಅವ್ಳು ಇರ್ಲಿಲ್ಲ ಅಂತ ಇಷ್ಟ್ ವರ್ಷ ಕೊರಗ್ದೆ. ನೋಡುದ್ರೆ ಮುಂಚೇನೇ ಹಾಡಿಟ್ಟು ಹೋಗವ್ಳೆ!"

ಪಕ್ಕದಲ್ಲಿದ್ದ ಮಗಳಿಗೆ ಮದುವೆ ಗೊತ್ತಾಗಿತ್ತು. ಹುಡುಗಿ ವೇಮಗಲ್‌ನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಅವಳನ್ನು ಗಂಡನ ಮನೆಗೆ ಕಳಿಸುವ ಹೊತ್ತಿನಲ್ಲಿ ಅಜ್ಜಿಯ ಹಾಡನ್ನು ಹಾಕಿಸಬೇಕು, ಅದಕ್ಕೊಂದು ಪ್ರತಿ ಬೇಕು ಎಂದು ರತ್ನಮ್ಮ ಕೇಳಿದರು. ಶ್ರೀನಿವಾಸಪುರದ ಉಪನ್ಯಾಸಕ್ಕೆ ನೆಂಟರನ್ನೆಲ್ಲ ಕರೆದುಕೊಂಡು ಬರುತ್ತೇನೆ ಎಂದರು. ನನಗೆ ಹೆಮ್ಮೆಯಾಯಿತು. ಖಂಡಿತ ಕೊಡುತ್ತೇನೆ ಅಕ್ಕ, ನಾನೇ ತಂದುಕೊಡುತ್ತೇನೆ ಎಂದು ಮಾತು ಕೊಟ್ಟೆ. ಶ್ರೀನಿವಾಸಪುರದ ಕರಪತ್ರದಲ್ಲಿ 'ಹಳೆಯ ಮದುವೆ ಹಾಡು ಕೇಳಿ' ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದೆ.

ಕೊಡುವುದೇ ಆದರೆ ಚೆನ್ನಾಗಿರುವುದನ್ನೇ ಕೊಡೋಣ ಎಂದು ಮೂಲ ಟೇಪನ್ನು ಮತ್ತೆ ಓಡಿಸಲು ಕೂತೆ. ಕತ್ತರಿಸಿದ ಪ್ರತಿಯಲ್ಲಿ ಕೊನೆಯ ಸಾಲಿನ ಬಾಲ ಸ್ವಲ್ಪ ತುಂಡಾಗಿತ್ತು, ಅದನ್ನು ಸರಿಮಾಡುವುದು ನನ್ನ ಉದ್ದೇಶ. ಹಾಡು ಮುಗಿಯಿತು. ಯಂತ್ರ ನಿಲ್ಲಿಸಲು ಕೈ ಚಾಚಿದೆ. ಅಷ್ಟರಲ್ಲಿ ಸಂಶೋಧಕರ ದನಿ ಕೇಳಿತು.

"ಬಹಳ ಚೆನ್ನಾಗಿದೆ ತಾಯಿ. ಇದನ್ನು ಯಾರ ಮದುವೆಯಲ್ಲಿ ಹಾಡಿದಿರಿ?"

"ನನ್ ಮಗಳಿಗೆ ಹಾಡ್ದೆ ಸ್ವಾಮಿ."

"ಎಲ್ಲಿಗೆ ಕೊಟ್ಟಿರಿ?"

ಹೆಣ್ಣುಮಕ್ಕಳಿರುವ ಯಾವ ಮನೆಯಲ್ಲಾದರೂ ಎಲ್ಲರೂ ಕೇಳುವ ಮಾತು ಅದು. ಯಾವ ಊರಿಗೆ, ಯಾರ ಮನೆಗೆ ಮದುವೆ ಮಾಡಿಕೊಟ್ಟಿರಿ ಎಂದು. ಆ ತಾಯಿ ಸ್ವಲ್ಪವೂ ತಡೆಯದೆ ಉತ್ತರ ಹೇಳಿದ್ದರು.

"ಮಣ್ಣಿಗೆ."

ಆಮೇಲೆ ಟೇಪು ಸುಮ್ಮನೆ ಓಡಿತು. ಒಂದು ಕೋಳಿ ಕೂಗಿತು. ಬೇರೊಬ್ಬ ಹೆಂಗಸು ಗದರಿಸಿದ್ದು ಕೇಳಿತು, "ಸುಮ್ನಿರಕ್ಕ, ಹೊಟ್ಟೇಲೊಂದು ಇಟ್ಕೊಂಡು ಹಿಂಗೆಲ್ಲ ಮಾತಾಡ್ಬಾರ್ದು." ಅದಕ್ಕೆ ತಾಯಿ, "ಹೆಣ್ಣಾದ್ರೆ ಅದಕ್ಕೂ ರತ್ನ ಅಂತ್ಲೇ ಕರೀತೀನಿ. ಹೋದೋಳು ವಾಪಸ್ ಬಂದ್ಲು ಅಂದ್ಕೋತೀನಿ" ಎಂದರು. ಸಂಶೋಧಕರು "ಕ್ಷಮಿಸಿ ತಾಯಿ" ಎಂದರು. ಅಲ್ಲಿಗೆ ಟೇಪು ನಿಂತಿತ್ತು.

ಟೇಪನ್ನು ಹಿಂದಕ್ಕೆ ಸುತ್ತಿ ಇನ್ನೊಮ್ಮೆ ಕೇಳಿದೆ. ಮದುವೆಯಾಗದೆ ಹೋದ ಹೆಣ್ಣುಮಗಳಿಗೆ ಅರಿಶಿನ ಹಚ್ಚಿ, ಎಕ್ಕದ ಗಿಡಕ್ಕೆ ಧಾರೆ ಎರೆದು, ಮದುವಣಗಿತ್ತಿಯ ಹಾಗೇ ಕಳಿಸುವ ಪದ್ಧತಿಯನ್ನು ನಾನು ಚಿಕ್ಕಂದಿನಲ್ಲಿ ಕೇಳಿ ಬಲ್ಲೆ. ಸಂಶೋಧಕರು ಬರೆದದ್ದು ಸುಳ್ಳಲ್ಲ, ಅದು ಮದುವೆ ಹಾಡೇ. ಇಷ್ಟು ಕೇಳಿದ ಮೇಲೂ ಅವರು ಅಷ್ಟನ್ನೇ ಬರೆದದ್ದು ಮುಚ್ಚಿಡಬೇಕೆಂದೋ, ಆ ತಾಯಿಯ ಮರ್ಯಾದೆ ಕಾಯಬೇಕೆಂದೋ ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಹಾಡಿನಲ್ಲಿ ಕರೆಯುತ್ತಿರುವ ರತ್ನ ಯಲ್ದೂರಿನಲ್ಲಿ ಮಗಳ ಮದುವೆಗೆ ಓಡಾಡುತ್ತಿರುವ ರತ್ನಮ್ಮ ಅಲ್ಲ. ಅವರಿಗೆ ಗೊತ್ತೇ ಇಲ್ಲದ ಅಕ್ಕ. ಅವರು ಆ ಹಾಡನ್ನು ಮಗಳ ಮದುವೆಯಲ್ಲಿ ಹಾಕಿಸಲು ಹೊರಟಿದ್ದಾರೆ.

ವಿಭಾಗದ ಮುಖ್ಯಸ್ಥರಿಗೆ ಟೇಪು ಕೇಳಿಸಿದೆ. ಅವರು ಕೆಟ್ಟವರಲ್ಲ, ಯೋಚನೆ ಮಾಡಿಯೇ ಮಾತಾಡಿದರು.

"ಅವರು ಕೇಳಿದ್ದು ಹಾಡನ್ನ. ಹಾಡನ್ನ ಕೊಡಿ. ಕತ್ತರಿಸಿದ ಪ್ರತಿ ಇದೆಯಲ್ಲ. ಆ ಯಮ್ಮ ಖುಷಿಯಾಗಿದ್ದಾರೆ, ನಾವ್ಯಾಕೆ ಹೋಗಿ ಅದಕ್ಕೆ ಕಲ್ಲು ಹಾಕೋದು?"

"ಸಾರ್, ಸತ್ತೋಳಿಗೆ ಹಾಡಿದ್ದನ್ನ ಮದುವೇಲಿ ಹಾಕ್ಸ್ತಾರೆ."

"ಅವರಿಗೆ ಗೊತ್ತಿಲ್ಲವಲ್ಲ. ಗೊತ್ತಿಲ್ಲದಿದ್ದರೆ ದೋಷವೂ ಇಲ್ಲ."

ಈ ಮಾತು ನನ್ನನ್ನು ಎರಡು ದಿನ ಕಾಡಿತು. ಬಾಯಿ ಮುಚ್ಚಿಕೊಂಡಿರುವುದಕ್ಕೆ ಅದಕ್ಕಿಂತ ಒಳ್ಳೆಯ ಸಬೂಬು ಸಿಗುವುದಿಲ್ಲ. ಆದರೆ ನಮ್ಮ ಸಂಗ್ರಹ ತೆರೆದ ಸಂಗ್ರಹ. ನಾಳೆ ಯಾವನೋ ವಿದ್ಯಾರ್ಥಿ ಬಂದು ಪೂರ್ತಿ ಟೇಪು ಕೇಳಿ ಪ್ರಬಂಧದಲ್ಲಿ ಬರೆಯುತ್ತಾನೆ. ಅವನಿಗೆ ಗೊತ್ತಿರುತ್ತದೆ, ನನಗೆ ಗೊತ್ತು, ನಮ್ಮ ಮುಖ್ಯಸ್ಥರಿಗೆ ಗೊತ್ತು. ಹೆತ್ತ ತಾಯಿಯ ಮಾತು ಹೊರಗಿನವರಿಗೆಲ್ಲ ಗೊತ್ತಿದ್ದು ಮಗಳಿಗೆ ಮಾತ್ರ ಗೊತ್ತಿಲ್ಲ ಎಂದರೆ ಅದೆಂಥ ನ್ಯಾಯ?

ಕ್ಯಾಲನೂರಿನಲ್ಲಿರುವ ನನ್ನ ಅಮ್ಮನಿಗೆ ಫೋನು ಮಾಡಿದೆ. ಇಂಥ ವಿಷಯದಲ್ಲಿ ನನಗೆ ಅವಳೇ ಗ್ರಂಥಾಲಯ. ಎಲ್ಲ ಕೇಳಿಸಿಕೊಂಡು, "ಹೇಳ್ಬೇಕು ಅಂದ್ರೆ ಚಪ್ಪರ ಹಾಕೋಕ್ ಮುಂಚೆ ಹೇಳ್ಬಿಡು ಕಣೇ. ಚಪ್ಪರ ಬಿದ್ಮೇಲೆ ಆ ಮನೇಲಿ ಸಾವಿನ್ ಮಾತು ಎತ್ಬಾರ್ದು. ಒಳಗ್ ಕೂತ್ಕೊಂಡು ಕೇಳಿಸ್ಬ್ಯಾಡ, ಹೊಲದ ಕಡೆ ಕರ್ಕೊಂಡ್ ಹೋಗು" ಎಂದಳು. ಆಮೇಲೆ, "ನಿಂಗ್ಯಾಕ್ ಬೇಕಿತ್ತು ಈ ಉಸಾಬರಿ? ಪುಸ್ತಕ ಕಾಯೋ ಕೆಲ್ಸ ಅಂತ ಹೇಳಿದ್ದಲ್ಲ" ಎಂದು ಸೇರಿಸಿದಳು.

ಶ್ರೀನಿವಾಸಪುರದ ಉಪನ್ಯಾಸಕ್ಕೆ ಇನ್ನೊಂದು ವಾರವಿತ್ತು. ಪೂರ್ತಿ ಟೇಪಿನ ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿಕೊಂಡು, ಸಣ್ಣ ಸ್ಪೀಕರೊಂದನ್ನು ಹಿಡಿದುಕೊಂಡು ಯಲ್ದೂರಿಗೆ ಹೋದೆ. ಮನೆಗೆ ಸುಣ್ಣ ಬಳಿಯುತ್ತಿದ್ದರು. ರತ್ನಮ್ಮ ಕೈಯಲ್ಲಿದ್ದ ಬಿಂದಿಗೆ ಕೆಳಗಿಟ್ಟು, "ಬನ್ನಿ ಬನ್ನಿ, ಒಳಗೆ ಬನ್ನಿ ಮೇಡಂ, ತಂದ್ರಾ?" ಎಂದು ಬಾಗಿಲ ತನಕ ಬಂದರು.

"ಅಕ್ಕ, ತೋಟದ ಕಡೆ ಹೋಗೋಣವಾ? ಅಲ್ಲಿ ಕೇಳಿ."

ಅವರ ಮುಖ ಸ್ವಲ್ಪ ಬದಲಾಯಿತು. ಇಂಥದ್ದು ಹಳ್ಳಿಯ ಹೆಂಗಸರಿಗೆ ಬೇಗ ತಿಳಿಯುತ್ತದೆ. ಕೈ ಒರೆಸಿಕೊಂಡು ನನ್ನ ಜೊತೆ ನಡೆದರು.

ಮಾವಿನ ತೋಟದಲ್ಲಿ ಹೀಚು ಕಟ್ಟಿತ್ತು. ಪಂಪ್‌ಸೆಟ್ಟಿನ ಕಟ್ಟೆಯ ಮೇಲೆ ಕೂತೆವು. ದಾರಿಯುದ್ದಕ್ಕೂ ಹೇಗೆ ಹೇಳಬೇಕೆಂದು ಮಾತುಗಳನ್ನು ಜೋಡಿಸಿಕೊಂಡಿದ್ದೆ, ಒಂದೂ ನೆರವಿಗೆ ಬರಲಿಲ್ಲ.

"ಅಕ್ಕ, ನಿಮಗಿಂತ ಮುಂಚೆ ನಿಮ್ಮಮ್ಮನಿಗೆ ಇನ್ನೊಂದು ಹೆಣ್ಣುಮಗು ಇತ್ತು. ಮದುವೆಗೆ ಮುಂಚೇನೇ ತೀರ್ಕೊಂಡಿತ್ತು. ಅವರ ಹೆಸರೂ ರತ್ನ. ಈ ಹಾಡು ಅವರಿಗೆ ಹಾಡಿದ್ದು."

"ಯಾರ್ ಹೇಳುದ್ರು? ನಮ್ಮಮ್ಮಂಗೆ ನಾನೊಬ್ಳೇ."

"ನಿಮ್ಮಮ್ಮನೇ ಹೇಳಿದ್ದಾರೆ. ಇದರಲ್ಲಿದೆ. ನೀವು ಆಗ ಹೊಟ್ಟೇಲಿದ್ರಿ. ಕೇಳಬೇಕಾ ಬೇಡವಾ, ನೀವೇ ಹೇಳಿ. ಬೇಡ ಅಂದ್ರೆ ಇಲ್ಲಿಗೇ ಬಿಟ್ಟುಬಿಡ್ತೀನಿ."

ರತ್ನಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. "ಹಾಕಿ."

ಹಾಕಿದೆ. ಹಾಡು ಬಂತು, ಆಮೇಲೆ ಮಾತು ಬಂತು. 'ಎಲ್ಲಿಗೆ ಕೊಟ್ಟಿರಿ' ಎನ್ನುವ ಹೊತ್ತಿಗೆ ನಾನು ಅವರ ಮುಖ ನೋಡಲಾರದೆ ತಲೆ ತಗ್ಗಿಸಿದೆ. 'ಮಣ್ಣಿಗೆ' ಎಂದಾಗ ಅವರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡ ಬಳೆಯ ಸದ್ದಷ್ಟೇ ಕೇಳಿತು. ಮುಗಿದ ಮೇಲೆ ತೋಟದ ಅಂಚಿನ ಕಡೆ ಕೈ ತೋರಿಸಿದರು.

"ಆ ಬದುವಿನ್ ಮೇಲೆ ಒಂದು ಎಕ್ಕದ ಗಿಡ ಇತ್ತು," ಎಂದರು. "ಯುಗಾದಿ ಮಾರ್ನೇ ದಿನ ನಮ್ಮಮ್ಮ ಅದ್ರ ಬುಡಕ್ಕೆ ಹಸಿರು ಬಳೆ ಇಟ್ಟು ಬರೋಳು. ಯಾಕಮ್ಮ ಅಂದ್ರೆ, ದೊಡ್ಡೋಳಾದ್ಮೇಲೆ ಹೇಳ್ತೀನಿ ಅನ್ನೋಳು. ನಾನ್ ದೊಡ್ಡೋಳಾಗೋ ತಂಕ ಅವ್ಳೇ ಇರ್ಲಿಲ್ಲ. ಟ್ರಾಕ್ಟರ್‌ಗೆ ದಾರಿ ಬೇಕು ಅಂತ ನಾವೇ ಕಡ್ಸಿಬಿಟ್ವಿ."

ನನಗೆ ಅಳು ಬಂತು. ಅವರಿಗೆ ಬರಲಿಲ್ಲ, ಸಿಟ್ಟು ಬಂತು.

"ಯಾಕ್ ಹೇಳುದ್ರಿ ಮೇಡಂ? ನಿಮಗೇನ್ ಕಮ್ಮಿಯಾಗಿತ್ತು? ಸುಮ್ನೆ ಹಾಡು ಕೊಟ್ಟಿದ್ರೆ ಆಗ್ತಿರ್ಲಿಲ್ವಾ? ನಮ್ಮಮ್ಮ ನನ್ನ ಕರೀತಾಳೆ ಅಂತ ಇದ್ದೆ ನಾನು. ಅದನ್ನೂ ಕಿತ್ಕೊಂಡ್ರಲ್ಲ."

ತೆರೆದ ಸಂಗ್ರಹ, ನಾಳೆ ಬರುವ ವಿದ್ಯಾರ್ಥಿ, ನ್ಯಾಯ, ಇವೆಲ್ಲ ಆ ಕಟ್ಟೆಯ ಮೇಲೆ ಬರೀ ಆಫೀಸಿನ ಮಾತುಗಳಾಗಿ ಕಂಡವು. ಪೆನ್‌ಡ್ರೈವನ್ನು ಅವರ ಮುಂದಿಟ್ಟೆ. ಅವರು ಮುಟ್ಟಲಿಲ್ಲ.

"ಶ್ರೀನಿವಾಸಪುರದಲ್ಲಿ ಹಾಕ್ಬ್ಯಾಡಿ," ಎಂದಷ್ಟೇ ಹೇಳಿ ಎದ್ದು ಮನೆಯ ಕಡೆ ನಡೆದುಬಿಟ್ಟರು. ನಮ್ಮ ಸೀಮೆಯಲ್ಲಿ ಹಗೆಯವನು ಬಂದರೂ ಒಂದು ಲೋಟ ನೀರು ಕೊಟ್ಟು ಕಳಿಸುತ್ತಾರೆ. ನನಗೆ ಅದೂ ಸಿಗಲಿಲ್ಲ, ಕೇಳುವ ಮುಖವೂ ಇರಲಿಲ್ಲ. ಪೆನ್‌ಡ್ರೈವನ್ನು ಎತ್ತಿಕೊಂಡು ಬಸ್ಸು ಹತ್ತಿದೆ.

ವಾಪಸು ಬಂದು ಮುಖ್ಯಸ್ಥರಿಗೆ ಹೇಳಿದೆ. ಅವರು 'ನಾನು ಮೊದಲೇ ಹೇಳಿದ್ದೆ' ಎನ್ನಲಿಲ್ಲ, ಅದಕ್ಕೆ ಅವರಿಗೆ ನಾನು ಋಣಿ. ಮನೆಯವರ ಒಪ್ಪಿಗೆಯಿಲ್ಲದೆ ಆ ಟೇಪನ್ನು ಯಾರಿಗೂ ಕೇಳಿಸಬಾರದೆಂದು ಸಂಗ್ರಹದ ನಿಯಮಕ್ಕೆ ಸೇರಿಸಿದೆವು. ಅದಕ್ಕೆ ರುಜು ಹಾಕುವಾಗ ನನಗೇ ನಗು ಬಂತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದೆವು.

ಶ್ರೀನಿವಾಸಪುರದಲ್ಲಿ ಹಜಾರ ತುಂಬಿತ್ತು. ಕರಪತ್ರದ ದಪ್ಪಕ್ಷರ ಕೆಲಸ ಮಾಡಿತ್ತು. ಬಾಗಿಲ ಕಡೆ ಮತ್ತೆ ಮತ್ತೆ ನೋಡಿದೆ, ಯಲ್ದೂರಿನವರು ಯಾರೂ ಇರಲಿಲ್ಲ. ಬೀಸುವ ಹಾಡು, ನಾಟಿ ಹಾಡು ಎಲ್ಲ ಕೇಳಿಸಿ ಆದ ಮೇಲೆ, ಮದುವೆ ಹಾಡನ್ನು ಇವತ್ತು ಹಾಕುವುದಿಲ್ಲ ಎಂದೆ.

"ಹಾಡ್ ಕೇಳಿ ಅಂತ ಕರ್ದ್‌ಬಿಟ್ಟು ಇದೇನ್ ಮೇಡಂ?" ಎಂದು ಮಧ್ಯದ ಸಾಲಿನಲ್ಲಿ ಒಬ್ಬ ಗಂಡಸು ಎದ್ದು ಕೂಗಿದರು. ಕೆಲವರು ನಕ್ಕರು.

ನಾನು ಬರೆದುಕೊಂಡು ಹೋಗಿದ್ದ ಮುಕ್ತಾಯದ ಮಾತುಗಳನ್ನು ಬಿಟ್ಟು ಮನಸ್ಸಿಗೆ ಬಂದದ್ದನ್ನೇ ಹೇಳಿದೆ. ಈ ಹಾಡುಗಳನ್ನು ನಿಮ್ಮ ತಾಯಂದಿರು ನಮಗೆ ಕೊಟ್ಟದ್ದು ಹೌದು, ಆದರೆ ಮಾರಿದ್ದಲ್ಲ. ಮನೆಗೆ ಬಂದವನು ಕೇಳಿದನೆಂದು ಮರ್ಯಾದೆಗೆ ಹೇಳಿದ್ದು. ಆ ಹೊತ್ತಿನಲ್ಲಿ ಅವರ ಮನಸ್ಸಿನಲ್ಲಿ ಯಾರಿದ್ದರು ಎನ್ನುವುದು ನಮಗೆ ಗೊತ್ತಿರುವುದಿಲ್ಲ, ಗೊತ್ತಾದ ದಿನ ಆ ಮನೆಯವರ ಮಾತಿಗೆ ತಲೆಬಾಗಬೇಕಾಗುತ್ತದೆ. ಇವತ್ತು ಅಂಥ ದಿನ ಎಂದೆ. ಹೆಸರು ಹೇಳಲಿಲ್ಲ, ಊರು ಹೇಳಲಿಲ್ಲ. ಕೂಗಿದ ಗಂಡಸು ಟವೆಲ್ಲು ಕೊಡವಿ ಕೂತುಕೊಂಡರು. ಚಪ್ಪಾಳೆ ಕಡಿಮೆಯೇ ಬಿತ್ತು.

ಜನ ಕರಗುವಾಗ ಕಂಬದ ಮರೆಯಲ್ಲಿ ರತ್ನಮ್ಮ ನಿಂತಿದ್ದು ಕಂಡಿತು. ಯಾವಾಗ ಬಂದರೋ ತಿಳಿಯದು. ಮಗಳೂ ಜೊತೆಗಿದ್ದಳು. ನಾನು ವೇದಿಕೆಯಿಂದ ಇಳಿದು ಹತ್ತಿರ ಹೋದೆ. ಅವರು ಚೀಲದಿಂದ ಲಗ್ನಪತ್ರಿಕೆ ತೆಗೆದು, ಅರಿಶಿನ ಕುಂಕುಮದ ಜೊತೆ ನನ್ನ ಕೈಗಿಟ್ಟರು.

"ಅವತ್ತು ನಿಮ್ಗೆ ನೀರೂ ಕೊಡ್ಲಿಲ್ಲ. ಮದ್ವೇಗೆ ಬಂದು ಊಟ ಮಾಡ್ಕೊಂಡ್ ಹೋಗ್ಬೇಕು."

"ಬರ್ತೀನಿ ಅಕ್ಕ."

"ಅದು ತಂದಿದೀರಾ?"

ಅಂದಿನಿಂದ ಅದು ನನ್ನ ಕೈಚೀಲದಲ್ಲೇ ಇತ್ತು. ತೆಗೆದುಕೊಟ್ಟೆ. ಅವರು ಪೆನ್‌ಡ್ರೈವನ್ನು ಅಂಗೈಯಲ್ಲಿಟ್ಟುಕೊಂಡು ಒಂದು ಗಳಿಗೆ ನೋಡಿ, ಮಗಳ ಕೈಗೆ ಕೊಟ್ಟು ಬೆರಳು ಮುಚ್ಚಿಸಿದರು.

"ಇದು ನಿನ್ ಹತ್ರ ಇರ್ಲಿ ಕಣೇ. ಮದ್ವೇಲಿ ಬ್ಯಾಡ. ನಾನ್ ಹೋದಾಗ ಹಾಕ್ಸು."

"ಅಮ್ಮಾ! ಮದ್ವೆ ಇಟ್ಕೊಂಡು ಇದೇನ್ ಮಾತು?"

"ನಾಳೆ ಚಪ್ಪರ ಹಾಕ್ತಾರೆ, ಆಮೇಲೆ ಹೇಳೋಕಾಗಲ್ಲ. ಅದ್ಕೇ ಇವತ್ತೇ ಹೇಳ್ತಿದೀನಿ." ಮಗಳ ಕೆನ್ನೆ ಒರೆಸಿ, ನನ್ನ ಕಡೆ ತಿರುಗಿದರು. "ನಾನ್ ಹೋಗೋ ದಿನ ನಮ್ಮಮ್ಮ ಕರ್ಯೋದು ನನ್ನೇ ಮೇಡಂ. ಹೆಸ್ರು ತಪ್ಪಾಗಲ್ಲ."